ಮಗಳ ಮಧುಮೇಹ ಮತ್ತು ನಮ್ಮ ಮನೆಯ ಊಟ

ಮಗಳಿಗೆ ಟೈಪ್ 1 ಮಧುಮೇಹವಿದೆ ಎಂದು ತಿಳಿದಾಗ ನೆಂಟರಲ್ಲಿ ಹಲವರು ಮೊದಲು ಕೇಳಿದ್ದು, ಮಗುವಿಗೆ ಸಿಹಿ ಹೆಚ್ಚು ಕೊಡುತ್ತಿದ್ದಿರಾ ಎಂದು. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶಪಡಿಸುವುದರಿಂದ ಬರುವ ಈ ಕಾಯಿಲೆಗೆ ತಿಂದ ಸಿಹಿ ಕಾರಣವಲ್ಲ ಎಂಬುದನ್ನು ನಾನು ಇಂದಿಗೂ ಬೇಸರಿಸದೆ ವಿವರಿಸುತ್ತೇನೆ, ಏಕೆಂದರೆ ಆ ಪ್ರಶ್ನೆ ಮಗುವಿನ ಕಿವಿಗೂ ಬೀಳುತ್ತದೆ.

ಕೊಡಗಿನ ಮಳೆಗಾಲದಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಾಗದು. ಅವಳಿಗೆ ಚುಚ್ಚಿ ಕೊಡುವ ಇನ್ಸುಲಿನ್ ತೆರೆಯದಿದ್ದಾಗ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಆದರೆ ಹೆಪ್ಪುಗಟ್ಟಿದರೆ ಅದನ್ನು ಎಸೆಯಬೇಕಾಗುತ್ತದೆ. ಆದ್ದರಿಂದ ಐಸ್ ಪ್ಯಾಕ್ ನೇರವಾಗಿ ತಗಲದಂತೆ ಬಟ್ಟೆ ಸುತ್ತಿ ಡಬ್ಬಿಯಲ್ಲಿಡುತ್ತೇವೆ.

ಊಟದ ವಿಷಯದಲ್ಲಿ ನಮಗಿಂತ ಬೇಗ ಪಳಗಿದವರು ನನ್ನ ಅತ್ತೆ. ಕಣ್ಣಂದಾಜಿನಲ್ಲಿ ಕಟ್ಟುತ್ತಿದ್ದ ಅಕ್ಕಿತರಿಯ ಕಡಂಬುಟ್ಟಿನ ಉಂಡೆಗಳನ್ನು ಈಗ ಪುಟ್ಟ ತಕ್ಕಡಿಯಲ್ಲಿ ತೂಗಿ ಒಂದೇ ಗಾತ್ರಕ್ಕೆ ಕಟ್ಟುತ್ತಾರೆ. "ಎಷ್ಟು ತಿಂತೀಯ ಪುಟ್ಟೀ, ಮೊದಲೇ ಹೇಳು" ಎಂದು ಕೇಳಿ, ಆ ಲೆಕ್ಕವನ್ನು ಅಡುಗೆಮನೆಯಿಂದಲೇ ನನಗೆ ಕೂಗಿ ಹೇಳಿದ ಮೇಲೆ ಅದಕ್ಕೆ ತಕ್ಕಷ್ಟು ಇನ್ಸುಲಿನ್ ಇಂಜೆಕ್ಷನ್, ಆಮೇಲೆ ತಟ್ಟೆ. ಹಂದಿಮಾಂಸದ ಪಂದಿಕರಿಯಂಥ ಕೊಬ್ಬಿನ ಊಟದ ನಂತರ ರಕ್ತದ ಸಕ್ಕರೆ ತಡವಾಗಿ ಏರುವುದುಂಟು, ಹಾಗಾಗಿ ಆ ರಾತ್ರಿ ಇನ್ನೊಮ್ಮೆ ಬೆರಳು ಚುಚ್ಚಿ ನೋಡುತ್ತೇವೆ. ಸುಗ್ಗಿ ಹಬ್ಬ ಹುತ್ತರಿಯ ಸಿಹಿ ತಂಬುಟ್ಟನ್ನೂ ನಾವು ಅವಳಿಗೆ ತಪ್ಪಿಸಿಲ್ಲ. ಹಬ್ಬದ ಪಂಕ್ತಿಯಲ್ಲಿ ಒಬ್ಬಳನ್ನೇ ಬೇರೆ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಕಾಫಿ ಕಣದಲ್ಲಿ ಓಡಾಡಿದ ಸಂಜೆಗಳಲ್ಲಿ ಸಕ್ಕರೆ 70 mg/dLಗಿಂತ ಕೆಳಗಿಳಿದರೆ ವೈದ್ಯರು ಹೇಳಿದಷ್ಟು ಗ್ಲೂಕೋಸ್ ಕೊಟ್ಟು, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸುತ್ತೇವೆ. ಅದೇ ಗ್ಲೂಕೋಸ್ ಪೊಟ್ಟಣವೊಂದು ಅವಳ ತರಗತಿಯ ಶಿಕ್ಷಕಿಯ ಮೇಜಿನಲ್ಲೂ ಇದೆ, ಯಾವಾಗ ಕೊಡಬೇಕೆಂದು ಪಕ್ಕದಲ್ಲಿ ಕೂರುವ ಗೆಳತಿಗೂ ಗೊತ್ತು.