ಈ ಹಾಡು ಕೇಳಿದ್ದು ಯಾರು?

ಮಳೆಗಾಲ ಶುರುವಾದಾಗಿನಿಂದ ಒಂದು ಹಾಡು ನನ್ನ ಪ್ರಾಣ ಹಿಂಡುತ್ತಿದೆ. ಯಾವುದೆಂದು ಹೇಳುವುದಿಲ್ಲ. ಹೇಳಿದರೆ ನಿಮ್ಮ ತಲೆಯೊಳಗೂ ಶುರುವಾಗುತ್ತದೆ, ಆ ಪಾಪ ನನಗೆ ಬೇಡ. ಹುಡುಗಿ ಕೈ ಕೊಟ್ಟಿದ್ದಾಳೆ, ಹೀರೋ ಎಣ್ಣೆ ಹಾಕಿದ್ದಾನೆ, ಗೆಳೆಯರ ದಂಡು ಕೋರಸ್ಸಿನಲ್ಲಿ ಹೆಣ್ಣುಕುಲಕ್ಕೇ ಬೈಯುತ್ತಿದೆ. ಟ್ಯೂನ್ ಮೊದಲು ಮಾಡಿ ಆಮೇಲೆ ಸಾಹಿತ್ಯ ತುಂಬುವುದು ನಮ್ಮ ಸಿನಿಮಾದಲ್ಲಿ ಹೊಸದಲ್ಲ, ಹಾಗೆ ತುಂಬಿಯೇ ಒಳ್ಳೊಳ್ಳೆಯ ಹಾಡು ಕೊಟ್ಟವರಿದ್ದಾರೆ. ಇಲ್ಲಿ ಮಾತ್ರ ಎರಡನೇ ಚರಣದ ಹೊತ್ತಿಗೆ ಪದಗಳೇ ಖಾಲಿ. ‘ಹೃದಯ’ದ ಪಕ್ಕ ಪ್ರಾಸಕ್ಕೆಂದು ‘ಸಮಯ’ ತಂದು ಕೂರಿಸಿದ್ದಾರೆ. ಆ ಸಾಲಿನಲ್ಲಿ ಸಮಯಕ್ಕೆ ಏನು ಕೆಲಸ ಅಂತ ಬರೆದವರಿಗಾದರೂ ಗೊತ್ತಿದೆಯೋ ಇಲ್ಲವೋ.

ನಮ್ಮ ಶಿಫ್ಟ್ ಮುಗಿಯುವುದು ನಸುಕಿಗೆ. ಎಲೆಕ್ಟ್ರಾನಿಕ್ ಸಿಟಿಯಿಂದ ಹೊರಡುವ ಕ್ಯಾಬಿನಲ್ಲಿ ಡ್ರೈವರ್, ಮುಂದಿನ ಸೀಟಿನಲ್ಲಿ ಸೆಕ್ಯುರಿಟಿ ಹುಡುಗ, ಹಿಂದೆ ನಾನು ಮತ್ತು ನಮ್ಮ ಟೀಮಿನವನೊಬ್ಬ. ಸೆಕ್ಯುರಿಟಿ ಅಸ್ಸಾಮಿನವನು, ಹಾಡಿನ ಒಂದಕ್ಷರವೂ ಅರ್ಥವಾಗದ ಪುಣ್ಯವಂತ. ಟೀಮಿನವನು ಹತ್ತಿದ ಕೂಡಲೇ ಕಿವಿಗೆ ದೊಡ್ಡ ಹೆಡ್‌ಫೋನ್ ಏರಿಸಿ ಕಣ್ಣು ಮುಚ್ಚುತ್ತಾನೆ. ಮೀಟಿಂಗಿನಲ್ಲೂ ಹೆಚ್ಚುಕಡಿಮೆ ಹಾಗೇ ಇರುತ್ತಾನೆ.

ಮೊನ್ನೆ ಮಂಗಳವಾರ ಫ್ಲೈಓವರ್ ಏರುವಷ್ಟರಲ್ಲಿ ಹಾಡು ಅಮರಿಕೊಂಡಿತು. “ಅಣ್ಣ, ಸ್ಟೇಷನ್ ಚೇಂಜ್ ಮಾಡ್ತೀರಾ?” ಅಂದೆ. ಮಾಡಿದರು. ಅಲ್ಲೂ ಅದೇ ಹಾಡು, ಎರಡನೇ ಚರಣ! ಇನ್ನೊಂದು ಸ್ಟೇಷನ್ನಿನಲ್ಲಿ ಚಿನ್ನದ ಮೇಲೆ ಸಾಲ ಕೊಡುವವರ ಜಾಹೀರಾತು. “ಆಫ್ ಮಾಡ್ಬಿಡಿ ಅಣ್ಣ, ಇಂಥ ಹಾಡು ಅದ್ಹೇಗೆ ಕೇಳ್ತೀರೋ.”

ಅವರು ಬಾಯಲ್ಲಿದ್ದ ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ತಳ್ಳಿದರು. “ನಂಗೂ ಆಗಕ್ಕಿಲ್ಲ ಮೇಡಂ ಈ ಹಾಡು. ಆದ್ರೆ ಆಫ್ ಮಾಡುದ್ರೆ ಕಣ್ಣು ಎಳೀತದೆ. ಇಷ್ಟದ್ ಹಾಡು ಹಾಕಂಡ್ರೆ ಇನ್ನೂ ಜಾಸ್ತಿ ಎಳೀತದೆ. ಇದಾದ್ರೆ ಬೈಕಂಡ್ ಬೈಕಂಡ್ ಓಡುಸ್ಬೋದು.”

ಸಿಗ್ನಲ್ಲಿನಲ್ಲಿ ಒದ್ದೆ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. ಅವತ್ತಿಗೆ ಅದು ಅವರ ಎರಡನೇ ಪಾಳಿ ಅಂತ ಆಮೇಲೆ ತಿಳಿಯಿತು. ಹೆಣ್ಣುಮಕ್ಕಳನ್ನು ಮನೆ ಬಾಗಿಲಿಗೆ ಬಿಡಬೇಕೆಂದು ಸೆಕ್ಯುರಿಟಿ ಕೂರಿಸುವ ಕಂಪನಿ, ಗಾಡಿ ಓಡಿಸುವವನು ನಿದ್ದೆ ಮಾಡಿದ್ದಾನೋ ಇಲ್ಲವೋ ಕೇಳುವುದಿಲ್ಲ. ಇದು ಬೇರೆಯೇ ಜಗಳ, ಇನ್ನೊಂದು ದಿನ ಆಡುತ್ತೇನೆ.

‘ನಂಗೂ ಆಗಕ್ಕಿಲ್ಲ ಮೇಡಂ.’ ವಾರವಿಡೀ ಇದೇ ಮಾತು ಗುಂಯ್‌ಗುಟ್ಟಿತು. ಹಾಗಾದರೆ ಈ ಹಾಡು ಯಾರಿಗೆ ಇಷ್ಟ? ಬೇರೆ ಕೆಲಸವಿಲ್ಲದವಳ ಹಾಗೆ ಸಿಕ್ಕವರನ್ನೆಲ್ಲ ಕೇಳಿದೆ. ಹೆಡ್‌ಫೋನಿನವನು, “ಚೆನ್ನಾಗಿಲ್ಲ, ಆದ್ರೆ ಹಿಟ್ ಅಲ್ವಾ?” ಅಂದ. ಕೆಳಗಿನ ಮನೆ ಹುಡುಗ ಸ್ಕೂಲ್ ಡೇಗೆ ಇದಕ್ಕೇ ಕುಣಿದಿದ್ದಾನೆ. “ನಾನ್ ಹೇಳಿದ್ದಲ್ಲ ಆಂಟಿ, ಮಿಸ್ ಸೆಲೆಕ್ಟ್ ಮಾಡಿದ್ದು.” ಅಮ್ಮನ ಅಡುಗೆಮನೆಯಲ್ಲಿ ಬೆಳಿಗ್ಗೆಯಿಂದ ರೇಡಿಯೋ ಹಾಡುತ್ತಲೇ ಇರುತ್ತದೆ. ಆಕೆಯ ಉತ್ತರ: “ಹಾಡು ಯಾರು ಕೇಳ್ತಾರೆ? ಪ್ರದೇಶ ಸಮಾಚಾರ ಬಂದ್ರೆ ಕುಕ್ಕರ್ ಇಡ್ಬೇಕು, ಅಷ್ಟೇ.”

ನನಗನ್ನಿಸುವುದು ಇಷ್ಟು. ಖಾಸಗಿ ಎಫ್ಎಂನವರು ಸ್ವಂತ ಸುದ್ದಿ ಓದುವಂತಿಲ್ಲ. ಉಳಿದದ್ದು ಹಾಡು, ಹರಟೆ, ಜಾಹೀರಾತು. ಜಾಹೀರಾತು ಬರುವವರೆಗೆ ಕೇಳುಗ ಬೇರೆ ಕಡೆ ಓಡಬಾರದು. ಓಡದಿರಲು ಹಾಡು ಇಷ್ಟವಾಗಲೇಬೇಕೆಂದಿಲ್ಲ, ಪರಿಚಯವಿದ್ದರೆ ಸಾಕು. ಪರಿಚಯವಾಗಬೇಕಾದರೆ ಮತ್ತೆ ಮತ್ತೆ ಹಾಕಬೇಕು. ಹಾಕಿ ಹಾಕಿಯೇ ಅದು ಜನಪ್ರಿಯ. ನಮ್ಮ ಕ್ಯಾಬಿನಲ್ಲಿ ಒಬ್ಬರಿಗೂ ಬೇಡದ ಹಾಡು ಫ್ಲೈಓವರ್ ಉದ್ದಕ್ಕೂ ಮೊಳಗುವುದು ಹೀಗೆ.

ಹಾಗಂತ ಬೇಡದವರ ಕೈಗೆ ಅಧಿಕಾರ ಕೊಟ್ಟರೆ ಏನಾಗುತ್ತದೆಂದೂ ದೇಶ ನೋಡಿಯಾಗಿದೆ. 1952ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಅಲರ್ಜಿ. ಆಕಾಶವಾಣಿಯಿಂದ ಅವು ಮಾಯವಾದವು, ಜನ ಶಾಸ್ತ್ರೀಯ ಸಂಗೀತ ಕೇಳಿ ಉದ್ಧಾರವಾಗಲಿ ಅಂತ. ಜನ ಉದ್ಧಾರವಾಗಲಿಲ್ಲ, ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಶುರುಮಾಡಿ ಸರ್ಕಾರವೇ ಸಿನಿಮಾ ಹಾಡು ಹಾಕಬೇಕಾಯಿತು. ಕೇಸ್ಕರ್ ಅವರನ್ನು ಆಡಿಕೊಳ್ಳುವುದು ಸುಲಭ, ಎಲ್ಲರೂ ಆಡಿಕೊಳ್ಳುತ್ತಾರೆ. ನನಗೆ ಮಂಗಳವಾರದಿಂದ ಅವರ ಮೇಲೆ ಸ್ವಲ್ಪ ಕನಿಕರ. ಕ್ಯಾಬಿನ ಹಿಂದಿನ ಸೀಟಿನಲ್ಲಿ ಕೂತು ನಾನು ಹೊರಡಿಸಿದ ಆಜ್ಞೆಯೂ ಅದೇ ತಾನೆ. ವ್ಯತ್ಯಾಸವೆಂದರೆ ಅವರ ಮಾತು ಐದು ವರ್ಷ ನಡೆಯಿತು, ನನ್ನದು ಸಿಲ್ಕ್ ಬೋರ್ಡ್‌ವರೆಗೂ ನಡೆಯಲಿಲ್ಲ.

ಆ ಕಾಲದಲ್ಲಿ ಇನ್ನೊಂದಿತ್ತು. ಕೋರಿಕೆ. ಹಾಡಿಗಿಂತ ಉದ್ದ ಹೆಸರುಗಳ ಪಟ್ಟಿ. ಅಪ್ಪಾಜಿ, ಅಮ್ಮ, ಮಂಜು, ಪುಟ್ಟಿ ಮತ್ತು ಮನೆಯವರೆಲ್ಲರೂ. ಝುಮ್ರಿ ತಿಲೈಯಾ ಅನ್ನುವ ಅಭ್ರಕದ ಗಣಿಯ ಊರು ಇಡೀ ದೇಶಕ್ಕೆ ಗೊತ್ತಾಗಿದ್ದೇ ಅಲ್ಲಿಂದ ರಾಶಿ ರಾಶಿ ಬರುತ್ತಿದ್ದ ಕೋರಿಕೆ ಕಾಗದಗಳಿಂದ. ಹಾಡು ಎಷ್ಟೇ ಕೆಟ್ಟದಿರಲಿ, ಯಾರೋ ಒಬ್ಬರು ಕಾಸು ಕೊಟ್ಟು ಕಾರ್ಡು ತಂದು, ಇದೇ ಬೇಕು ಅಂತ ಬರೆದು, ಡಬ್ಬಿಗೆ ಹಾಕಿ ಬಂದಿದ್ದಾರೆಂದು ಗೊತ್ತಾಗುತ್ತಿತ್ತು. ನನ್ನ ಈ ಹಾಡಿಗೂ ಅಂಥ ಒಬ್ಬರ ಹೆಸರು, ಊರು ಓದಿ ಹೇಳಲಿ. ಶಿಡ್ಲಘಟ್ಟವೋ ಸಿಂಧನೂರೋ, ಯಾವುದಾದರೂ ಆದೀತು. ಕನಿಷ್ಠ ಆ ‘ಸಮಯ’ ಅಲ್ಲಿ ಯಾಕೆ ಬಂತು ಅಂತ ಅವರನ್ನಾದರೂ ವಿಚಾರಿಸಬಹುದು.