ಮೊದಲು ತಕ್ಕಡಿ, ಆಮೇಲೆ ಮುದ್ದು

ಯಾರೂ ಸರಿಯಾಗಿ ನೋಡಿಕೊಳ್ಳದ ಗಿನಿಪಿಗ್ ಒಂದನ್ನು ಮನೆಗೆ ತಂದ ಕೂಡಲೇ ಎಲ್ಲರಿಗೂ ಅನ್ನಿಸುವುದು ಒಂದೇ. ಪಾಪ, ಎಷ್ಟು ಕೊಳೆಯಾಗಿದೆ, ಸ್ನಾನ ಮಾಡಿಸೋಣ, ಎತ್ತಿಕೊಳ್ಳೋಣ, ಸ್ವಲ್ಪ ಮುದ್ದು ಮಾಡೋಣ. ದಯವಿಟ್ಟು ಬೇಡ. ಮೊದಲೇ ಹೆದರಿರುವ ಪ್ರಾಣಿಯನ್ನು ನೀರಿಗಿಳಿಸಿದರೆ ಅದಕ್ಕೆ ಇನ್ನಷ್ಟು ಭಯ, ಜೊತೆಗೆ ಚಳಿ. ಆ ಹೊತ್ತಿಗೆ ಅದಕ್ಕೆ ಬೇಕಿರುವುದು ಕೈತುಂಬ ಒಣಹುಲ್ಲು, ನೀರು, ಬಚ್ಚಿಟ್ಟುಕೊಳ್ಳಲು ಒಂದು ರಟ್ಟಿನ ಡಬ್ಬಿ. ನಿಮಗೆ ಬೇಕಿರುವುದು ಅಡುಗೆಮನೆಯ ಡಿಜಿಟಲ್ ತಕ್ಕಡಿ.

ತಕ್ಕಡಿ ಯಾಕೆ ಅಂದರೆ, ಗಿನಿಪಿಗ್ ತನ್ನ ಕಾಯಿಲೆಯನ್ನು ಮುಚ್ಚಿಡುತ್ತದೆ. ಅದು ಬೇರೆ ಪ್ರಾಣಿಗಳ ಬಾಯಿಗೆ ಬೀಳುವ ಜಾತಿ. ಸೊರಗಿದ್ದೀನಿ ಅಂತ ತೋರಿಸಿಕೊಂಡರೆ ಬಯಲಿನಲ್ಲಿ ಉಳಿಗಾಲವಿಲ್ಲ. ಸಾವಿರಾರು ವರ್ಷ ಮನುಷ್ಯರ ಜೊತೆ ಬದುಕಿದರೂ ಆ ಸ್ವಭಾವ ಹೋಗಿಲ್ಲ. ಹಾಗಾಗಿ ನೋಡೋಕೆ ಚೆನ್ನಾಗೇ ಕೂತಿರುತ್ತದೆ, ತಟ್ಟೆ ಮುಂದೆ ಮೂತಿ ಆಡಿಸುತ್ತಲೂ ಇರುತ್ತದೆ, ಆದರೆ ಒಂದು ಎಸಳೂ ಒಳಗೆ ಹೋಗಿರುವುದಿಲ್ಲ. ಬೆಳೆದ ಗಿನಿಪಿಗ್ ಸಾಮಾನ್ಯವಾಗಿ 700ರಿಂದ 1,200 ಗ್ರಾಂ ತೂಗುತ್ತದೆ. ದಿನಾ ಒಂದೇ ಹೊತ್ತಿಗೆ, ಒಂದೇ ಬಟ್ಟಲಲ್ಲಿ ಕೂರಿಸಿ ತೂಗಿ ಬರೆದಿಡಿ. ಹತ್ತಿಪ್ಪತ್ತು ಗ್ರಾಂ ಆಚೀಚೆ ಆಗುವುದು ಸಹಜ. ಒಂದೆರಡು ದಿನದಲ್ಲಿ 50 ಗ್ರಾಂಗಿಂತ ಜಾಸ್ತಿ ಇಳಿದರೆ ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಪಶುವೈದ್ಯರ ಹತ್ತಿರ ಹೋಗಿ. ಇದರ ಕರುಳು ಸದಾ ಓಡುತ್ತಲೇ ಇರಬೇಕು, ಅರ್ಧ ದಿನ ಏನೂ ತಿನ್ನಲಿಲ್ಲ ಅಂದರೂ ಜೀವಕ್ಕೆ ಕುತ್ತು. ಹಿಕ್ಕೆಯನ್ನೂ ನೋಡುತ್ತಿರಿ. ಒಣಗಿ, ಸಣ್ಣದಾಗಿ, ದಿನದಿನಕ್ಕೂ ಕಡಿಮೆ ಬೀಳುತ್ತಿದ್ದರೆ ಹೊಟ್ಟೆಗೆ ಏನೂ ಹೋಗುತ್ತಿಲ್ಲ ಅಂತಲೇ ಅರ್ಥ.

ನನ್ನ ಕೈಗೆ ಬಂದವುಗಳಲ್ಲಿ ಹೊಡೆತ ತಿಂದವು ಕಡಿಮೆ. ಮಗು ಕೇಳಿತು ಅಂತ ತರುತ್ತಾರೆ, ಮಗುವಿಗೆ ಬೇಜಾರಾಗುತ್ತದೆ, ಪಂಜರ ಹಿಂದಿನ ಕೋಣೆಗೆ ಹೋಗುತ್ತದೆ, ಆಮೇಲೆ ಯಾರೋ ನೆನಪಾದಾಗ ಒಂದು ಹಿಡಿ ಕಾಳು ಹಾಕುತ್ತಾರೆ. "ಚೆನ್ನಾಗೇ ತಿನ್ನುತ್ತೆ ಕಣ್ರೀ, ಯಾಕೋ ಈಚೆಗೆ ಓಡಾಡಲ್ಲ ಅಷ್ಟೇ" ಅನ್ನುತ್ತಾರೆ. ಸುಳ್ಳು ಹೇಳುತ್ತಿರುವುದಿಲ್ಲ ಅವರು, ನಿಜಕ್ಕೂ ಗೊತ್ತಿರುವುದಿಲ್ಲ. ಓಡಾಡದೇ ಇರುವುದಕ್ಕೆ ಬಹಳ ಸಲ ಕಾರಣ ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯಿಂದ ಬರುವ ಕಾಯಿಲೆ. ನಮ್ಮ ಹಾಗೆಯೇ ಗಿನಿಪಿಗ್‌ಗೂ ವಿಟಮಿನ್ ಸಿ ತನ್ನ ಮೈಯಲ್ಲಿ ತಾನೇ ತಯಾರಿಸಿಕೊಳ್ಳಲು ಆಗುವುದಿಲ್ಲ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡರ್ ಫ್ರೋಲಿಕ್ ಗಿನಿಪಿಗ್‌ಗಳಿಗೆ ಬರೀ ಧಾನ್ಯ ತಿನ್ನಿಸಿದಾಗ ಅವಕ್ಕೆ ಸ್ಕರ್ವಿ ಬಂತು, ತಾಜಾ ಸೊಪ್ಪು ತರಕಾರಿ ಕೊಟ್ಟರೆ ಅದನ್ನು ತಡೆಯಬಹುದು ಅಂತಲೂ ಗೊತ್ತಾಯಿತು. ನೂರು ವರ್ಷ ದಾಟಿದ ಮೇಲೂ ಎಷ್ಟೋ ಮನೆಯ ಪಂಜರಗಳಲ್ಲಿ ಅದೇ ಪ್ರಯೋಗ ನಡೆಯುತ್ತಿದೆ, ಅದು ನನಗೆ ತುಂಬಾ ನೋವು ಕೊಡುವ ವಿಷಯ. ಕೀಲು ಊದಿರುತ್ತದೆ, ಮುಟ್ಟಿದರೆ ಕಿರುಚುತ್ತದೆ, ಕೂದಲು ಒರಟಾಗಿ ಎದ್ದು ನಿಂತಿರುತ್ತದೆ, ವಸಡಿನಲ್ಲಿ ರಕ್ತ.

ದಿನಕ್ಕೆ ಒಂದು ಕಿಲೋ ತೂಕಕ್ಕೆ ಸುಮಾರು 10ರಿಂದ 30 ಮಿಲಿಗ್ರಾಂ ವಿಟಮಿನ್ ಸಿ ಬೇಕು, ಕಾಯಿಲೆ ಬಿದ್ದಿದ್ದರೆ ವೈದ್ಯರು ಇನ್ನೂ ಜಾಸ್ತಿ ಹೇಳುತ್ತಾರೆ. ಕುಡಿಯುವ ನೀರಿಗೆ ಹನಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ನೀರಲ್ಲಿ ಅದು ಬೇಗ ಹಾಳಾಗುತ್ತದೆ, ರುಚಿ ಕೆಟ್ಟಿತು ಅಂತ ಪ್ರಾಣಿ ನೀರನ್ನೇ ಬಿಟ್ಟುಬಿಡಬಹುದು. ಸಿರಿಂಜಿನಲ್ಲಿ ನೇರ ಬಾಯಿಗೆ ಕೊಡಿ, ಜೊತೆಗೆ ದಿನಾ ಒಂದು ತುಂಡು ದಪ್ಪ ಮೆಣಸಿನಕಾಯಿ. ಮೊಲಕ್ಕೆ ಅಂತ ಮಾರುವ ಪೆಲೆಟ್ (ಒಣ ಗುಳಿಗೆಯಂಥ ಆಹಾರ) ಹಾಕಿ ಸಾಕು ಅನ್ನುವ ಹಾಗಿಲ್ಲ, ಮೊಲಕ್ಕೆ ಈ ವಿಟಮಿನ್ ಹೊರಗಿನಿಂದ ಬೇಡ, ಹಾಗಾಗಿ ಅದರಲ್ಲಿ ಸಾಮಾನ್ಯವಾಗಿ ಸೇರಿಸಿರುವುದಿಲ್ಲ.

ಹುಲ್ಲಿನ ಮಾತು ಬೇರೆಯೇ. ಗಿನಿಪಿಗ್‌ಗೆ ಇರುವ 20 ಹಲ್ಲೂ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಒಣಹುಲ್ಲು ಅರೆದು ಅರೆದು ಅವು ಸವೆಯಬೇಕು. ಕಾಳು, ಬ್ರೆಡ್ಡು ತಿಂದು ಬೆಳೆದದ್ದಕ್ಕೆ ದವಡೆ ಹಲ್ಲು ಒಳಕ್ಕೆ ಬಾಗಿ ನಾಲಿಗೆ ಮೇಲೆ ಸೇತುವೆ ಕಟ್ಟಿದ ಹಾಗೆ ಆಗುತ್ತದೆ, ಹಸಿವಿದ್ದರೂ ನುಂಗೋಕೆ ಆಗಲ್ಲ. ಹೊರಗಿನಿಂದ ನೋಡಿದರೆ ಮುಂದಿನ ಹಲ್ಲು ಮಾತ್ರ ಕಾಣುತ್ತದೆ, ಹಿಂದಿನದನ್ನು ವೈದ್ಯರೇ ನೋಡಬೇಕು.

ಒಂದು ಕಂದು ಹೆಣ್ಣು ಬಂದಿತ್ತು. ಮುಂಗಾಲಿನ ಉಗುರು ಬೆಳೆದು, ಸುರುಳಿ ಸುತ್ತಿ, ತಿರುಗಿ ಅದರ ಅಂಗಾಲಿಗೇ ಚುಚ್ಚಿಕೊಂಡಿತ್ತು. ತಂತಿ ನೆಲದ ಪಂಜರದಲ್ಲಿ ಇಟ್ಟಿದ್ದರಿಂದ ಹಿಂಗಾಲುಗಳೂ ಹುಣ್ಣಾಗಿದ್ದವು. ಅದು ಕಾಲನ್ನು ಒಂದು ಬದಿಗೆ ಹೊರಳಿಸಿ, ಅಂಚಿನ ಮೇಲೆ ಭಾರ ಹಾಕಿ ನಡೆಯುವುದನ್ನು ಕಲಿತುಬಿಟ್ಟಿತ್ತು. ಚುಚ್ಚಿಕೊಂಡ ಉಗುರನ್ನು ವೈದ್ಯರು ತೆಗೆದರು. ಉಳಿದವನ್ನು ಮನೆಯಲ್ಲೇ ಕತ್ತರಿಸಿದ್ದು, ಅದೂ ಒಂದೇ ಸಲಕ್ಕೆ ಅಲ್ಲ. ಉಗುರು ಉದ್ದವಾದಷ್ಟೂ ಒಳಗಿನ ರಕ್ತನಾಳವೂ ಮುಂದೆ ಬಂದಿರುತ್ತದೆ. ತುದಿಯಲ್ಲಿ ಚೂರೇ ಚೂರು ಕತ್ತರಿಸಿ, ಕೆಲವು ದಿನ ಬಿಟ್ಟು ಇನ್ನೊಂದು ಚೂರು, ಹೀಗೆ ಮಾಡುತ್ತಾ ಬಂದರೆ ನಾಳ ಹಿಂದೆ ಸರಿಯುತ್ತದೆ. ಕಪ್ಪು ಉಗುರಾದರೆ ಹಿಂದಿನಿಂದ ಟಾರ್ಚ್ ಹಿಡಿಯಿರಿ, ನಾಳ ಎಲ್ಲಿ ಮುಗಿಯುತ್ತದೆ ಅಂತ ಕಾಣುತ್ತದೆ. ಹಾಸಿಗೆಗೆ ಮೆತ್ತನೆಯ ಬಟ್ಟೆ ಹಾಕಿ, ಒದ್ದೆಯಾದಾಗೆಲ್ಲ ಬದಲಾಯಿಸಿದ ಮೇಲೆ ಅಂಗಾಲು ನಿಧಾನಕ್ಕೆ ಮಾಯಿತು.

ಕಜ್ಜಿಯನ್ನು ಸುಮ್ನೆ ಚರ್ಮ ಒಣಗಿದೆ ಅಂದುಕೊಂಡು ಬಿಡಬೇಡಿ. ಕಣ್ಣಿಗೆ ಕಾಣದ ನುಸಿಗಳು ಚರ್ಮ ಕೊರೆದು, ತಡೆಯಲಾರದ ತುರಿಕೆ ಬಂದು, ಕೆಲವಕ್ಕೆ ಫಿಟ್ಸ್ ಬಂದ ಹಾಗೆ ಒದ್ದಾಟ ಆಗುತ್ತದೆ. ಔಷಧಿ ಇದೆ, ಚೆನ್ನಾಗಿ ವಾಸಿಯಾಗುತ್ತದೆ, ಆದರೆ ಪ್ರಮಾಣ ತೂಕ ನೋಡಿ ವೈದ್ಯರೇ ಹೇಳಬೇಕು. ನಾಯಿ ಬೆಕ್ಕಿಗೆ ತಂದ ಹನಿಯನ್ನು ಹಾಕಲೇಬೇಡಿ. ಅದಕ್ಕಿಂತ ಮುಖ್ಯ, ಮನೆಯಲ್ಲಿ ಉಳಿದಿರುವ ಆಂಟಿಬಯಾಟಿಕ್ ಕೊಡಬೇಡಿ. ಅಮಾಕ್ಸಿಸಿಲಿನ್‌ನಂಥ ಪೆನಿಸಿಲಿನ್ ಜಾತಿಯ ಔಷಧಿಯನ್ನು ಬಾಯಿಗೆ ಹಾಕಿದರೆ ಗಿನಿಪಿಗ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಪ್ರಾಣಿಯೇ ಸಾಯಬಹುದು. ಹುಳುಕಡ್ಡಿ ಇದ್ದರೆ ನಿಮಗೂ ಅಂಟುತ್ತದೆ, ಕೈ ತೊಳೆಯಿರಿ. ಮನೆಯಲ್ಲಿ ಬೇರೆ ಗಿನಿಪಿಗ್ ಇದ್ದರೆ ಎರಡು ಮೂರು ವಾರ ಹೊಸದನ್ನು ಬೇರೆ ಕೋಣೆಯಲ್ಲೇ ಇಡಿ.

ಗಂಡು ಹೆಣ್ಣು ಒಟ್ಟಿಗೇ ಇದ್ದ ಜಾಗದಿಂದ ಹೆಣ್ಣು ಬಂದಿದೆ ಅಂದರೆ ಅದು ಗಬ್ಬವಾಗಿದೆ ಅಂತಲೇ ಅಂದುಕೊಂಡು ನೋಡಿಕೊಳ್ಳಿ. 59ರಿಂದ 72 ದಿನ ಬೇಕು ಮರಿ ಹಾಕೋಕೆ, ಹಾಕಿದ ಕೆಲವೇ ಗಂಟೆಯಲ್ಲಿ ಮತ್ತೆ ಗಬ್ಬ ಕಟ್ಟುತ್ತದೆ. ಗಂಡು ಮರಿಗಳನ್ನು ಮೂರು ವಾರಕ್ಕೇ ತಾಯಿಯಿಂದ, ಅಕ್ಕತಂಗಿಯರಿಂದ ಬೇರೆ ಮಾಡಬೇಕು. ಒಂದೇ ಪಂಜರದಿಂದ ಅಷ್ಟೊಂದು ಗಿನಿಪಿಗ್‌ಗಳು ಬರುವುದು ಹೀಗೆಯೇ.

ಮೈ ವಾಸಿಯಾದ ಮೇಲೂ ಭಯ ಉಳಿದಿರುತ್ತದೆ, ಅಲ್ವಾ. ಇಲ್ಲಿ ಮಾಡೋಕೆ ಜಾಸ್ತಿ ಏನೂ ಇಲ್ಲ, ಪಂಜರದ ಪಕ್ಕ ನೆಲದ ಮೇಲೆ ಕೂತು ನಿಮ್ಮ ಪಾಡಿಗೆ ನೀವು ಓದುತ್ತಿರಿ. ಮೇಲಿನಿಂದ ಕೈ ಹಾಕಬೇಡಿ, ಹದ್ದು ಬಂದ ಹಾಗೆ ಅನ್ನಿಸುತ್ತದೆ ಅದಕ್ಕೆ. ಕಂದು ಹೆಣ್ಣು ಮೊದಮೊದಲು ಸೊಪ್ಪಿನ ತುದಿ ಕಚ್ಚಿ ಎಳೆದುಕೊಂಡು ಡಬ್ಬಿಯೊಳಗೆ ಓಡುತ್ತಿತ್ತು. ಆಮೇಲೆ ಡಬ್ಬಿಯ ಬಾಗಿಲಲ್ಲೇ ನಿಂತು ತಿನ್ನತೊಡಗಿತು. ಒಂದು ಬೆಳಗ್ಗೆ ಪ್ಲಾಸ್ಟಿಕ್ ಚೀಲದ ಸದ್ದಿಗೇ ವ್ಹೀಕ್ ವ್ಹೀಕ್ ಅಂತ ಕೂಗಿತು, ನನಗೆ ಕಣ್ಣಲ್ಲಿ ನೀರು ಬಂತು. ಖುಷಿಯಾದಾಗ ನಿಂತಲ್ಲೇ ನಾಲ್ಕೂ ಕಾಲು ಎತ್ತಿ ನೆಗೆಯುವುದು ಇನ್ನೂ ತಡವಾಗಿ ಬಂತು, ಜೊತೆಗಾತಿ ಸಿಕ್ಕಮೇಲೆ.

ಒಂಟಿಯಾಗಿ ಇಡಬಾರದು ಇವನ್ನು. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಒಂದೇ ಒಂದು ಗಿನಿಪಿಗ್ ಸಾಕುವುದು ಕಾನೂನಿಗೇ ವಿರುದ್ಧ, ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಮೊಲ ಜೊತೆಗಿದೆ ಅಂದರೆ ಲೆಕ್ಕಕ್ಕಿಲ್ಲ. ಮೊಲ ಒದ್ದರೆ ಪೆಟ್ಟಾಗುತ್ತದೆ, ಮೊಲಕ್ಕೆ ಏನೂ ಮಾಡದ ಬೋರ್ಡೆಟೆಲ್ಲಾ ಬ್ಯಾಕ್ಟೀರಿಯಾ ಗಿನಿಪಿಗ್‌ಗೆ ನ್ಯುಮೋನಿಯಾ ತರುತ್ತದೆ.

ಚೇತರಿಸಿಕೊಂಡವನ್ನು ಬೇರೆ ಮನೆಗೆ ಕೊಡುವಾಗ ನಾನು ಪಂಜರದ ಫೋಟೋ ಕೇಳುತ್ತೇನೆ, ವೈದ್ಯರು ಯಾರು ಅಂತ ಕೇಳುತ್ತೇನೆ, 5ರಿಂದ 8 ವರ್ಷ ಬದುಕುತ್ತವೆ ಅಂತ ಬಿಡಿಸಿ ಹೇಳುತ್ತೇನೆ. ಮಗು ನೋಡಿಕೊಳ್ಳುತ್ತೆ ಅಂದವರಿಗೆ ಕೊಡುವುದಿಲ್ಲ, ದೊಡ್ಡವರೇ ನೋಡಿಕೊಳ್ಳುತ್ತೇವೆ ಅನ್ನಬೇಕು. ತೂಕ ಬರೆದ ಪುಸ್ತಕವನ್ನೂ ಅವರಿಗೇ ಕೊಟ್ಟು ಕಳಿಸುತ್ತೇನೆ, ವಾರಕ್ಕೊಮ್ಮೆಯಾದರೂ ತೂಗಿ ಅದರಲ್ಲೇ ಬರೆಯುತ್ತಾ ಹೋಗಲಿ ಅಂತ.