ಅಪ್ಪಯ್ಯನ ಎದೆಯೊಳಗಿನ ಕವಲು

ಮೆಟ್ಟುಗತ್ತಿಯ ಮೇಲೆ ಕುಳಿತು ಅಡಿಕೆ ಸುಲಿಯುತ್ತಿದ್ದ ಅಪ್ಪಯ್ಯನ ಬಲಗೈಯಿಂದ ಕಾಯಿ ಜಾರಿ ಬಿತ್ತು. ಇನ್ನೊಂದನ್ನು ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಿಲ್ಲ. ಹತ್ತು ನಿಮಿಷದಲ್ಲಿ ಎಲ್ಲವೂ ಸರಿಹೋಗಿ ಮತ್ತೆ ಸುಲಿಯಲು ಕುಳಿತರು. ಆ ಹತ್ತು ನಿಮಿಷವನ್ನು ನಾವು ಅಲಕ್ಷಿಸಲಿಲ್ಲ, ಅದೇ ನಮ್ಮ ಪುಣ್ಯ.

ತಪಾಸಣೆ ಮಾಡಿಸಿದರೆ, ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ಎಡ ಕರೋಟಿಡ್ ರಕ್ತನಾಳ ಶೇ. 80ರಷ್ಟು ಕಿರಿದಾಗಿತ್ತು. ಹಿಂದೆ ಬೈಪಾಸ್ ಆಗಿದ್ದು, ಹೃದಯವೂ ದುರ್ಬಲವಾಗಿದ್ದುದರಿಂದ ಕುತ್ತಿಗೆ ಕೊಯ್ಯುವ ಬದಲು ಸ್ಟೆಂಟ್, ಅಂದರೆ ನಾಳವನ್ನು ಒಳಗಿನಿಂದ ಅಗಲಿಸಿ ಹಿಡಿಯುವ ಜಾಲರಿ ಕೊಳವೆ, ಎಂದು ತೀರ್ಮಾನವಾಯಿತು. ಮೊದಲ ಆಸ್ಪತ್ರೆಯಲ್ಲಿ ತೊಡೆಸಂದಿನ ರಕ್ತನಾಳದಿಂದ ತೂರಿಸಿದ ಕ್ಯಾತಿಟರ್ ಎಂಬ ಉದ್ದನೆಯ ಕೊಳವೆ ಕುತ್ತಿಗೆಯನ್ನು ಮುಟ್ಟಲೇ ಇಲ್ಲ. ಎರಡು ಗಂಟೆ ಹೆಣಗಾಡಿ ಕೈಬಿಟ್ಟರು. ಸ್ಕ್ಯಾನ್ ಮಾಡಿಸಿದ್ದು ಕುತ್ತಿಗೆಗೆ ಮಾತ್ರ. ದಾರಿ ಕವಲೊಡೆಯುವ ಎದೆಯ ಭಾಗವನ್ನು ಯಾರೂ ನೋಡಿರಲಿಲ್ಲ. ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಅಲ್ಲಿ ತಂತಿ ಆಡಿಸಿದಷ್ಟೂ ಗೋಡೆಗೆ ಅಂಟಿದ ಜಿಡ್ಡು ಕಿತ್ತು ಮಿದುಳಿಗೆ ಹೋಗುವ ಅಪಾಯ ಹೆಚ್ಚು. ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆ ಹೇಳಿದ್ದರೆ, ಎದೆಯಲ್ಲಿ ರಕ್ತನಾಳ ಬಾಗಿ ಕವಲೊಡೆಯುವ ಕಮಾನಿನ ಚಿತ್ರವೂ ಇದೆಯೇ ಎಂದು ಮೊದಲೇ ಕೇಳಿ.

ಎರಡನೆಯ ಆಸ್ಪತ್ರೆಯ ವೈದ್ಯೆ ರಕ್ತನಾಳಗಳನ್ನು ತೋರಿಸುವ ಸ್ಕ್ಯಾನ್ ಆದ ಸಿ.ಟಿ. ಆಂಜಿಯೋಗ್ರಾಂ ಅನ್ನು ಎದೆಯಿಂದಲೇ ಮಾಡಿಸಿ, ಲಕೋಟೆಯ ಹಿಂಬದಿಯಲ್ಲಿ ಪೆನ್ನಿನಿಂದ ಬರೆದು ತೋರಿಸಿದರು. ಹೃದಯದಿಂದ ಹೊರಟ ಮಹಾಪಧಮನಿ ಕೊಡೆಯ ಹಿಡಿಯಂತೆ ಬಾಗುತ್ತದೆ. ಆ ಬಾಗಿನಿಂದ ಸಾಮಾನ್ಯವಾಗಿ ಮೂರು ಕವಲು. ಎಡ ಕರೋಟಿಡ್ ನಡುವಿನದು. ಅಪ್ಪಯ್ಯನಿಗೆ ಎರಡೇ. ಎಡ ಕರೋಟಿಡ್, ಬಲಗೈಗೆ ಹೋಗುವ ಮೊದಲ ಕವಲಿನಿಂದಲೇ ಟಿಸಿಲೊಡೆದು ಎಡಕ್ಕೆ ಹೊರಳಿತ್ತು. ತೊಡೆಯಿಂದ ಬಂದ ಕ್ಯಾತಿಟರ್ ಅಲ್ಲಿ ಚೂಪಾಗಿ ತಿರುಗಬೇಕು. ದಪ್ಪ ಕೊಳವೆ ತಳ್ಳಿದೊಡನೆ ಜಾರಿ ಹೃದಯದ ಕಡೆಗೆ ಬೀಳುತ್ತದೆ.

“ಇದಕ್ಕೆ ಬೊವೈನ್ ಆರ್ಚ್ ಎನ್ನುತ್ತಾರೆ, ದನದ ಕಮಾನು” ಎಂದರು.

ಅಲ್ಲಿಯವರೆಗೆ ಸುಮ್ಮನಿದ್ದ ಅಪ್ಪಯ್ಯ ಮುಂದಕ್ಕೆ ಬಾಗಿದರು. “ನಮ್ಮ ಕೊಟ್ಟಿಗೆಯ ದನಗಳಿಗೂ ಹೀಗೆಯೇ ಇದೆಯೇ ಅಮ್ಮಾ?”

“ಇಲ್ಲ ಯಜಮಾನರೇ, ಹೆಸರೇ ತಪ್ಪು. ದನಕ್ಕೆ ಒಂದೇ ದೊಡ್ಡ ಕವಲು. ಎರಡೂ ಮುಂಗಾಲಿಗೆ, ತಲೆಗೆ, ಎಲ್ಲಕ್ಕೂ ಅದರಿಂದಲೇ.”

ಈ ಸಲ ಬಲ ಮಣಿಕಟ್ಟಿನಿಂದ ಹೋದರು. ಆ ಕೈಯ ನಾಳ ಅದೇ ಮೊದಲ ಕವಲಿಗೆ ಸೇರುವುದರಿಂದ ಕಮಾನನ್ನು ಸುತ್ತುವ ಗೋಜಿಲ್ಲ. ಕಿತ್ತ ಜಿಡ್ಡು ಮಿದುಳಿಗೆ ಹೋಗದಂತೆ ಕಿರಿದಾದ ಜಾಗದ ಆಚೆ ಪುಟ್ಟ ಸೋಸುಬಲೆ ಬಿಚ್ಚಿ, ಆಮೇಲೆ ಸ್ಟೆಂಟ್ ಕೂರಿಸಿದರು. ನಾಳವನ್ನು ಅಗಲಿಸಲು ಬಲೂನ್ ಉಬ್ಬಿಸಿದಾಗ ನಾಡಿ ಇಳಿಯಿತಂತೆ, ಔಷಧ ಕೊಟ್ಟರಂತೆ. ಅಪ್ಪಯ್ಯ ಎಚ್ಚರವಾಗಿಯೇ ಇದ್ದರು. “ಬಲಗಾಲಿನ ಬೆರಳು ಆಡಿಸಿ, ಮನೆಯ ದನಗಳ ಹೆಸರು ಹೇಳಿ” ಎಂದು ವೈದ್ಯೆ ಕೇಳುತ್ತಲೇ ಇದ್ದರಂತೆ. ಇವರು ಆರೂ ಹೆಸರು ಹೇಳಿದರಂತೆ.

ಈಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೋಗ್ರೆಲ್ ಮಾತ್ರೆ ಎರಡನ್ನೂ ಬೆಳಗಿನ ಗಂಜಿಯ ನಂತರ ನಾನೇ ಕೈಗೆ ಕೊಡುತ್ತೇನೆ. ನಿನ್ನೆ ಕೊಟ್ಟಿಗೆಯಲ್ಲಿ ಗೌರಿಯ ಗಂಗೆದೊಗಲನ್ನು ನೀವುತ್ತಾ, “ಇವಳಿಗೆ ಒಂದೇ ಕವಲು, ನನಗೆ ಎರಡು” ಎಂದು ನನ್ನ ಮಗನಿಗೆ ಹೇಳುತ್ತಿದ್ದರು.